ಬೆಂಕಿಗೆ ಇಡುವ ಪುಸ್ತಕ
ಜಪಾನಿನ ಎದೊ ಪಟ್ಟಣದ ಫುಕಗಾವಾ ಕೇರಿಗೆ ಪುಸ್ತಕ ಬಾಡಿಗೆಗೆ ಕೊಡುವ ಇಸೊಕಿಚಿ ಬಂದಾಗ ಮೊದಲು ಕಾಣುವುದು ಅವನಲ್ಲ, ಅವನ ತಲೆಗಿಂತ ಎರಡು ಗೇಣು ಮೇಲೆದ್ದ ಬೆನ್ನಿನ ಗಂಟು. ಜಗಲಿಯಲ್ಲಿ ಗಂಟು ಬಿಚ್ಚಿ ಯುದ್ಧದ ಕಥೆ, ದೆವ್ವದ ಕಥೆ, ಉಪ್ಪಿನಕಾಯಿ ಹಾಕುವ ಕ್ರಮ ಎಂದು ಒಂದೊಂದನ್ನೇ ಹೊಗಳುತ್ತಾ ಹರಡುತ್ತಾನೆ. ಗಿರಾಕಿಗಳ ಕಣ್ಣು ಮಾತ್ರ ಗಂಟಿನ ತಳದಲ್ಲೇ ನೆಟ್ಟಿರುತ್ತದೆ. ಅಲ್ಲಿರುವುದು ಗಂಡುಹೆಣ್ಣಿನ ಸರಸದ ಬಣ್ಣದ ಚಿತ್ರಗಳ ಪುಸ್ತಕಗಳು. ಅವು ಇದ್ದ ಮನೆಗೆ ಬೆಂಕಿ ಬೀಳುವುದಿಲ್ಲವೆಂಬ ನಂಬಿಕೆ ಇರುವುದರಿಂದ ಕೇಳುವವರಿಗೆ ನಾಚಿಕೆ ತಪ್ಪಿದೆ; 'ಬೆಂಕಿಗೆ ಇಡೋದು' ಎಂದರೆ ಸಾಕು. "ಗಾಳಿ ಜೋರಾಗಿದೆ ನೋಡಪ್ಪ, ಬೆಂಕಿಗೆ ಇಡೋದು ಒಂದು ತಗೋ ಅಂದ್ರು ನಮ್ಮನೆಯವರು," ಎನ್ನುತ್ತಾಳೆ ಮರದ ಮಂಡಿಯ ಯಜಮಾನಿ ಒರಿಕು. "ಎಷ್ಟು ದಿನಕ್ಕೆ ಭಯ ತಾಯಿ? ಐದೋ, ಹತ್ತೋ?" ಇಸೊಕಿಚಿ ನಗದೆ ಕೇಳುತ್ತಾನೆ. ಎಪ್ಪತ್ತು ದಾಟಿದ ಸಮುರಾಯಿಯೊಬ್ಬರಿಗಂತೂ ಜಡಿಮಳೆಯಲ್ಲೂ ಬೆಂಕಿಯ ಭಯ. ವಾಪಸು ಬಂದ ಪುಸ್ತಕವನ್ನು ಇಸೊಕಿಚಿ ತಿರುವಿ, ಸವೆದ ಪುಟ ಸಿಕ್ಕಿದೊಡನೆ, "ಹೊಗೆ ಎದ್ದದ್ದು ಇಲ್ಲೇ ನೋಡು," ಎಂದು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಾನೆ. ಈ ನಂಬಿಕೆಯನ್ನು ಇಷ್ಟು ಗೇಲಿ ಮಾಡುವವನು ತನ್ನ ಒಂಟಿ ಕೋಣೆಯ ಗೂಡಿನಲ್ಲಿ ಅಂಥದೇ ಒಂದು ಪುಸ್ತಕವನ್ನು ಇಟ್ಟುಕೊಂಡಿದ್ದಾನೆ. ಅದರ ಪಕ್ಕದಲ್ಲಿ ಅರ್ಧ ಸುಟ್ಟ ಬಾಚಣಿಗೆಯಿದೆ. ಆರು ವರ್ಷದ ಹಿಂದೆ ಅವನಿದ್ದ ಕೇರಿಗೆ ಬೆಂಕಿ ಬಿದ್ದು ಹೆಂಡತಿ ತೀರಿಕೊಂಡ ದಿನ, ಗಂಟಿನ ತಳದ ಪುಸ್ತಕಗಳೆಲ್ಲ ಬೇರೆಯವರ ಮನೆಗಳಲ್ಲಿದ್ದವು. "ಮನೇಲಿ ಬಚ್ಚಿಟ್ಕೊಂಡಿದ್ದೀಯಂತಲ್ಲ, ಅದನ್ನೂ ಕೊಡಯ್ಯ," ಎಂದು ಒರಿಕು ಒಮ್ಮೆ ಕಾಡಿದಳು. ಇಸೊಕಿಚಿ ಗಂಟು ಕಟ್ಟುತ್ತಲೇ ಹೇಳಿದ: "ಅದು ಕೊಡೋಕಾಗಲ್ಲ ತಾಯಿ. ಅದು ನಿಜವಾಗ್ಲೂ ಬೆಂಕಿಗೇ ಇಟ್ಟಿರೋದು."