ಮೂರು ನೀರಿನ ಕಣಿಲೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೂರನೆಯ ಮಳೆಗಾಲ ಅದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯ ಬದಿಯ ಒಂದು ಕಾಫಿ ಎಸ್ಟೇಟಿನಲ್ಲಿ, ಮ್ಯಾನೇಜರರ ಬಂಗಲೆಯ ಅಡುಗೆಯವಳಾಗಿ ನಾನು ಕೆಲಸಕ್ಕಿದ್ದೆ. ನನಗೆ ಆಗ ಇಪ್ಪತ್ತೆಂಟು ವರ್ಷ. ಮೂರನೇ ಕ್ಲಾಸಿನ ಆಚೆ ಶಾಲೆ ಕಂಡವಳಲ್ಲ. ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಹೇಳದಿದ್ದ ಈ ಸಂಗತಿಯನ್ನು ಈಗ ಬರೆಯಲು ಕೂತಿದ್ದೇನೆಂದರೆ ಅದಕ್ಕೆ ಕಾರಣ ನನ್ನ ಮೊಮ್ಮಗಳು ಚಿತ್ರಾ.

ಚಿತ್ರಾ ಟಿವಿಯಲ್ಲಿ ಅಡುಗೆ ಮಾಡಿ ತೋರಿಸುತ್ತಾಳೆ. ವಾರಕ್ಕೊಮ್ಮೆ ಬರುತ್ತಾಳೆ, ಇಡೀ ರಾಜ್ಯ ನೋಡುತ್ತದೆ! ಅಂಗಡಿಯವನು ಸಕ್ಕರೆ ಕಟ್ಟಿಕೊಡುತ್ತಾ, "ಅಜ್ಜೀ, ನಿಮ್ಮ ಚಿತ್ರಕ್ಕ ಮೊನ್ನೆ ಮಾಡಿದ ಸೂಪಿಗೆ ಜಾಯಿಕಾಯಿ ಎಷ್ಟು?" ಎಂದು ಕೇಳುತ್ತಾನೆ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರು ಎದ್ದು ಸೀಟು ಬಿಟ್ಟುಕೊಡುತ್ತಾರೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಅವಳು ಮಾಡುವುದು ಫ್ರೆಂಚ್ ಅಡುಗೆ. ಅದು ಅವಳಿಗೆ ಬಂದದ್ದು ಪ್ಯಾರಿಸಿನಿಂದಲ್ಲ, ನನ್ನ ಕೈಯಿಂದ. ನನ್ನ ಕೈಗೆ ಬಂದದ್ದು ಲೂಸಿಯಮ್ಮನಿಂದ.

ಲೂಸಿಯಮ್ಮ ಮ್ಯಾನೇಜರರ ಹೆಂಡತಿ. ಪಾಂಡಿಚೇರಿಯವರು, ಅಲ್ಲಿಯ ಫ್ರೆಂಚ್ ಶಾಲೆಯಲ್ಲಿ ಓದಿದವರು. ಸೀರೆಯ ಸೆರಗು ಸಿಕ್ಕಿಸಿ ನನ್ನ ಪಕ್ಕದಲ್ಲೇ ಒಲೆಯ ಮುಂದೆ ನಿಲ್ಲುತ್ತಿದ್ದರು. ಬೆಣ್ಣೆ ಕರಗಿಸಿ ಮೈದಾ ಹುರಿದು ಹಾಲು ಹೊಯ್ದು ಗಂಟಾಗದಂತೆ ತಿರುವುವುದನ್ನು ನನಗೆ ಕಲಿಸಲು ಅವರಿಗೆ ಒಂದು ತಿಂಗಳು ಹಿಡಿಯಿತು. ಒಂದು ದಿನವೂ ಗದರಲಿಲ್ಲ. ಹೆಸರುಗಳನ್ನೂ ಹೇಳಿಕೊಟ್ಟರು. ಬೆಣ್ಣೆಗೆ 'ಬ್ಯೂರ್', ಮೀನಿಗೆ 'ಪ್ವಾಸೋಂ'. ಆ ಮೀನಿನ ಮಾತು ನನ್ನ ನಾಲಗೆಯಲ್ಲಿ 'ಪಾಯ್ಸನ್' ಆಗುತ್ತಿತ್ತು. ಎಸ್ಟೇಟಿನ ಗೋಡೌನಿನಲ್ಲಿ ತಲೆಬುರುಡೆ ಚಿತ್ರದ ಡಬ್ಬಗಳ ಮೇಲೂ ಅದನ್ನೇ ಬರೆದಿದೆ, ಇಂಗ್ಲಿಷಿನಲ್ಲಿ ಅದು ವಿಷ ಎಂದು ಲೆಕ್ಕ ಬರೆಯುವ ರೈಟರು ಹೇಳಿದ ಮೇಲಂತೂ ಲೂಸಿಯಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಂದಿನಿಂದ ಮಂಗಳೂರು ಬಸ್ಸಿನಲ್ಲಿ ಮೀನಿನ ಬುಟ್ಟಿ ಬಂದಾಗಲೆಲ್ಲ ಬೇಕೆಂದೇ ಕೂಗುತ್ತಿದ್ದೆ, "ಅಮ್ಮಾ, ಪಾಯ್ಸನ್ ಬಂತು!" ಅದು ನಮ್ಮಿಬ್ಬರ ತಮಾಷೆ. ಎರಡು ವರ್ಷ ನಡೆಯಿತು.

ಇನ್ನು ಕಣಿಲೆಯ ವಿಚಾರ. ಮಳೆಗಾಲದಲ್ಲಿ ಏಳುವ ಎಳೆ ಬಿದಿರಿನ ಮೊಳಕೆಗೆ ನಮ್ಮ ಅರೆಭಾಷೆಯಲ್ಲಿ ಕಣಿಲೆ ಎನ್ನುತ್ತೇವೆ. ಘಟ್ಟದ ಮೇಲಿನವರು ಕಳಲೆ ಎನ್ನುತ್ತಾರೆ. ರುಚಿಯಾದದ್ದು, ಆದರೆ ಹಸಿಯಲ್ಲಿ ವಿಷ. ಹೆಚ್ಚಿ ನೀರಿನಲ್ಲಿ ಮುಳುಗಿಸಿ ಮೂರು ದಿನ ಇಡಬೇಕು. ದಿನಾ ಬೆಳಿಗ್ಗೆ ಹಳೆಯ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಮೂರು ನೀರು ಕಂಡ ಮೇಲೆಯೇ ಅದು ಒಲೆ ಕಾಣುವುದು. ಆ ನೀರನ್ನು ದನ ಬಾಯಿಡುವ ಕಡೆ ಚೆಲ್ಲುವುದಿಲ್ಲ. ಸಿಪ್ಪೆಯನ್ನು ಹೂಳುತ್ತೇವೆ. ಬಂಗಲೆಯಲ್ಲಿ ನಾನು ಎರಡು ಮಡಕೆ ಇಟ್ಟಿದ್ದೆ. ಅಂದು ಹೆಚ್ಚಿದ್ದು ಕಿಟಕಿಯ ಬಳಿ, ಮೂರು ನೀರು ಆದದ್ದು ಹಲಗೆಯ ಕೆಳಗೆ. ನಮ್ಮ ಮನೆಗಳಲ್ಲಿ ಅಡುಗೆಗೆ ಹೋಗುವ ಹೆಂಗಸು ಮೊದಲು ಕೇಳುವುದೇ "ಹೊಸತು ಯಾವುದು?" ಎಂದು. ಅದನ್ನು ಮುಟ್ಟದೆ ಇರುವುದಕ್ಕೆ.

ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಮದ್ರಾಸಿನಿಂದ ಕಂಪನಿಯ ಡೈರೆಕ್ಟರೂ ಅವರ ಹೆಂಡತಿಯೂ ಬರುವವರಿದ್ದರು. ಮ್ಯಾನೇಜರರನ್ನು ಇನ್ನು ಮೂರು ವರ್ಷ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸುವವರು ಅವರೇ. ಲೂಸಿಯಮ್ಮನ ಮುಖ ಬೆಳಗಿನಿಂದ ಬಿಗಿದುಕೊಂಡಿತ್ತು. ಫ್ರಾನ್ಸಿನಲ್ಲಿ ದಂಟಿನಂಥ ಒಂದು ತರಕಾರಿಯನ್ನು ಬೆಣ್ಣೆಯಲ್ಲಿ ಬಾಡಿಸಿ ಕೆನೆ ಹಾಕಿ ಬಡಿಸುತ್ತಾರಂತೆ. ಅದು ಇಲ್ಲಿ ಸಿಗುವುದಿಲ್ಲ, ಬದಲಿಗೆ ಕಣಿಲೆ ಮಾಡೋಣ ಎಂದಿದ್ದರು. ನಮ್ಮ ಕಣಿಲೆ ಡೈರೆಕ್ಟರ ತಟ್ಟೆಗೆ! ನನಗೆ ಹೆಮ್ಮೆಯೋ ಹೆಮ್ಮೆ. ಮೂರು ದಿನ ಮೊದಲೇ ನೀರಿಗೆ ಹಾಕಿದ್ದೆ. ಅಂದು ಬೆಳಿಗ್ಗೆ ಕೂಲಿ ಲೈನಿನವರು ಇನ್ನೊಂದು ಹೊರೆ ತಂದರು, ಅದನ್ನೂ ಹೆಚ್ಚಿ ಕಿಟಕಿಯ ಮಡಕೆಗೆ ಹಾಕಿದೆ. ಗಡಿಬಿಡಿಯಲ್ಲಿ ಸಿಪ್ಪೆಯ ಕುಕ್ಕೆಯನ್ನು ಹಿತ್ತಿಲ ಬಾಗಿಲಲ್ಲೇ ಬಿಟ್ಟೆ, ಹೂಳಲಿಲ್ಲ. ಅದು ನನ್ನ ತಪ್ಪು, ಮುಚ್ಚಿಡುವುದಿಲ್ಲ.

ಹನ್ನೊಂದೂವರೆಗೆ ಕೆನೆ ಸಾಲದೆಂದು ಚೆಂಬು ಹಿಡಿದು ಹೊರಟೆ. ಲೂಸಿಯಮ್ಮ ಹಿಂದಿನಿಂದ ಕೇಳಿದರು.

"ಗಂಗಾ, ಕಣಿಲೆ ಎರಡು ಪಾಟ್ ಇದೆಯಲ್ಲಾ, ಫ್ರೆಶ್ ಯಾವ್ದು?"

"ಕಿಟಕಿ ಹತ್ರದ್ದು ಅಮ್ಮ."

"ಗುಡ್. ಸೀಕ್ರಂ ಬಾ."

ಹತ್ತಿರದ ಎರಡು ಮನೆಗಳಲ್ಲಿ ಕೇಳಿ, ಸಿಗದೆ ಕೊಟ್ಟಿಗೆ ಮುಟ್ಟುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಅಲ್ಲಿ ದನ ನೋಡಿಕೊಳ್ಳುವ ಕುಶಾಲಪ್ಪ ನೆಲದಲ್ಲಿ ಕೂತಿದ್ದ. ಅವನ ಮುಂದೆ ಕೆಂಪು ಕರು ಅಡ್ಡ ಬಿದ್ದಿತ್ತು. ಕಣ್ಣಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು. ಬಾಯಲ್ಲಿ ನೊರೆ. ಪಕ್ಕೆ ಒಮ್ಮೆ ಏರಿದರೆ ಮತ್ತೆ ಏರಲು ಬಹಳ ಹೊತ್ತು ಹಿಡಿಯುತ್ತಿತ್ತು. ಅದರ ತಾಯಿ ಹಗ್ಗ ಜಗ್ಗುತ್ತಿತ್ತು, ಆದರೆ ಕೂಗುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

"ಎಂತ ಆತ್ ಕುಶಾಲಣ್ಣ?"

"ಎಂತ ಆತಾ? ನಿನ್ನ ಕುಕ್ಕೆಗೆ ಬಾಯಿ ಹಾಕಿ ಕಣಿಲೆ ಸಿಪ್ಪೆ ತಿಂದುಟ್ಟು. ದೊಡ್ಡವ್ಕೆ ಬಡಿಸೊಕೆ ಮೊದ್ಲು ನಮ್ಮ ಕರುಗೆ ಬಡ್ಸಿದಲ್ಲ ಗಂಗಕ್ಕ, ಭಾರಿ ಉಪಕಾರ ಆತ್!"

ಉತ್ತರ ಕೊಡಲು ಬಾಯಿ ತೆರೆದವಳಿಗೆ ಆ ಮಾತು ನೆನಪಾಯಿತು. ಫ್ರೆಶ್ ಯಾವ್ದು? ಫ್ರೆಂಚ್ ಅಡುಗೆಯಲ್ಲಿ ಎಲ್ಲವೂ ಆಗತಾನೆ ಕಿತ್ತದ್ದಾಗಿರಬೇಕು ಎಂದು ಲೂಸಿಯಮ್ಮ ದಿನಾ ಹೇಳುತ್ತಿದ್ದರು. ಮೂರು ನೀರಿನ ಲೆಕ್ಕ ನಾನು ಅವರಿಗೆ ಹೇಳಿಯೇ ಇರಲಿಲ್ಲ. ನಾವು ಹೊಸತು ಯಾವುದೆಂದು ಕೇಳುವುದು ಬಿಡುವುದಕ್ಕೆ. ಅವರು ಕೇಳಿದ್ದು ತೆಗೆದುಕೊಳ್ಳುವುದಕ್ಕೆ!

ಚೆಂಬು ಅಲ್ಲೇ ಬಿಟ್ಟು ಓಡಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಲಗೆಯ ಕೆಳಗಿನ ಮಡಕೆಯ ಮುಚ್ಚಳ ಇಟ್ಟ ಹಾಗೆಯೇ ಇತ್ತು. ಕಿಟಕಿಯ ಮಡಕೆ ಅರ್ಧ ಖಾಲಿ. ಬಾಣಲೆಯಲ್ಲಿ ಬೆಣ್ಣೆಯ ಘಮ, ಅದರಡಿಯಲ್ಲಿ ಒಂದು ಕಹಿ ವಾಸನೆ. ಪಕ್ಕದಲ್ಲಿ ರುಚಿ ನೋಡಿಟ್ಟ ಚಮಚ.

ಅತಿಥಿಗಳಿದ್ದಾಗ ನಾನು ಊಟದ ಕೋಣೆಗೆ ಕಾಲಿಡುವ ಹಾಗಿರಲಿಲ್ಲ. ಸಗಣಿ ಮೆತ್ತಿದ ಕಾಲಲ್ಲೇ ನುಗ್ಗಿದೆ. ನಾಲ್ಕು ತಟ್ಟೆಗೂ ಬಡಿಸಿ ಆಗಿತ್ತು. ಡೈರೆಕ್ಟರು ಮುಳ್ಳುಚಮಚ ಎತ್ತುತ್ತಿದ್ದರು. ಅವರಿಗೆ ಕನ್ನಡ ಬಾರದು. ನನಗೆ ಗೊತ್ತಿದ್ದ ಇಂಗ್ಲಿಷ್ ಮಾತನ್ನು ಕೂಗಿದೆ.

"ಪಾಯ್ಸನ್! ಪಾಯ್ಸನ್!"

ಎಲ್ಲರೂ ಕಲ್ಲಾದರು. ಲೂಸಿಯಮ್ಮ ಒಬ್ಬರೇ ನಕ್ಕರು. ಅತಿಥಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಅದರಲ್ಲಿ 'ಫಿಶ್' ಎಂಬುದು ನನಗೆ ಕೇಳಿಸಿತು. ಡೈರೆಕ್ಟರೂ ಹೋ ಎಂದು ನಕ್ಕರು.

"ಈ ಮಳೆಗೆ ಮೀನು ಎಲ್ಲಿಂದ ಬಂತು ಗಂಗಾ?" ಎಂದರು ಮ್ಯಾನೇಜರು.

ಎರಡು ವರ್ಷ ತಮಾಷೆಗೆ ತೇದ ಮಾತು. ಬೇಕಾದ ಹೊತ್ತಿಗೆ ಅದರಲ್ಲಿ ಅಂಚೇ ಉಳಿದಿರಲಿಲ್ಲ. ನಗುತ್ತಲೇ ಡೈರೆಕ್ಟರು ಮುಳ್ಳುಚಮಚವನ್ನು ಬಾಯಿಯ ಹತ್ತಿರ ತಂದರು. ನಾನು ಆ ಕೈಗೆ ಹೊಡೆದು ತಟ್ಟೆ ಕಿತ್ತುಕೊಂಡೆ. ಕೆನೆಯೆಲ್ಲ ಅವರ ಬಿಳಿ ಪ್ಯಾಂಟಿನ ಮೇಲೆ. ಉಳಿದ ತಟ್ಟೆಗಳನ್ನೂ ಎಳೆದು ದೊಡ್ಡ ಬೋಗುಣಿಯನ್ನು ಎದೆಗೆ ಅವುಚಿಕೊಂಡೆ.

"ಇವತ್ತಿನ ಕಣಿಲೆ ಅಮ್ಮ! ನೀರು ಕಾಣದ್ದು! ಅಲ್ಲಿ ಕರು ಸಾಯ್ತಾ ಉಟ್ಟು!"

ಲೂಸಿಯಮ್ಮನ ನಗು ನಿಂತಿತು. ಕುರ್ಚಿ ಹಿಡಿದುಕೊಂಡು ಎದ್ದರು.

"ನಾನು ಎರಡು ಚಮಚ ಟೇಸ್ಟ್ ಮಾಡಿದೆ," ಎಂದರು, ಬಹಳ ಮೆಲ್ಲಗೆ.

ಅವರ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಜಗಲಿಗೆ ಎಳೆದೊಯ್ದು ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ಕಕ್ಕಿಸಿದೆ. ಕಂಪೌಂಡರನ್ನು ಕರೆತರಲು ಜೀಪು ಹೋಯಿತು. ಅದು ವಾಪಸು ಬರುವವರೆಗೆ ಅವರ ತಲೆ ನನ್ನ ತೊಡೆಯ ಮೇಲಿತ್ತು, ಕೈ ತಣ್ಣಗಿತ್ತು. ಅಂಗಳದಾಚೆ ಕುಶಾಲಪ್ಪ ಕರುವಿನ ಕಾಲು ಹಿಡಿದು ಎಳೆದುಕೊಂಡು ಹೋದ. ಅವರು ಅದನ್ನು ನೋಡದಂತೆ ಸೆರಗು ಅಡ್ಡ ಹಿಡಿದೆ. ಆಮೇಲೆ ಅವರ ಎದೆಯನ್ನೇ ನೋಡುತ್ತಾ ಕೂತೆ. ಒಮ್ಮೆ ಏರುವುದು. ಕಾಯುವುದು. ಮತ್ತೆ ಏರುವುದು.

ಕಂಪೌಂಡರು ಬಂದು ಇಂಜೆಕ್ಷನ್ ಕೊಟ್ಟರು. ಒಂದು ತಟ್ಟೆ ತಿಂದಿದ್ದರೆ ತಾನು ಬಂದೂ ಪ್ರಯೋಜನವಿರಲಿಲ್ಲ ಎಂದರು. ನಾಲ್ಕು ಗಂಟೆಗೆ ಲೂಸಿಯಮ್ಮ ಕಣ್ಣು ಬಿಟ್ಟು, "ಗಂಗಾ, ನಾನು ಕೇಳಿದೆನಲ್ಲ," ಎಂದರು.

"ಮುಟ್ಟಬಾರದ್ದು ಯಾವ್ದು ಅಂತ ಕೇಳಿದ್ರಿ ಅಂದ್ಕೊಂಡೆ ಅಮ್ಮ."

ಅವರು ನನ್ನ ಕೈ ಬಿಡಲಿಲ್ಲ. ಕೆಲಸದಿಂದ ತೆಗೆಯುತ್ತಾರೆಂದು ನಾನು ಗಂಟು ಕಟ್ಟಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅವರೇ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಮಣೆಯ ಮೇಲೆ ಕೂತು, "ನೀರು ಬದಲಾಯಿಸೋದು ಕಲಿಸು," ಎಂದರು. ಮೂರು ಬೆಳಿಗ್ಗೆಯೂ ಅವರೇ ನೀರು ಬಗ್ಗಿಸಿದರು. ನಾಲ್ಕನೆಯ ದಿನ ಅದನ್ನೇ ಬೆಣ್ಣೆ, ಕೆನೆ ಹಾಕಿ ಮಾಡಿದೆವು. ಮೊದಲ ಚಮಚ ನಾನು ತಿಂದೆ. ಅಂಥ ರುಚಿ ಆಮೇಲೆ ನಾನು ಕಂಡದ್ದು ಚಿತ್ರಾಳ ಕೈಯಲ್ಲಿ ಮಾತ್ರ. ಮ್ಯಾನೇಜರರಿಗೆ ಇನ್ನು ಮೂರು ವರ್ಷ ಎಂದು ಮದ್ರಾಸಿನಿಂದ ಕಾಗದ ಬಂತು. ಪ್ಯಾಂಟಿನ ಕಲೆ ಹೋಯಿತು ಎಂದೂ ಅದರ ಕೊನೆಯಲ್ಲಿತ್ತಂತೆ.

ಆ ಒಲೆಯ ಮುಂದಿನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಯಾರಾದರೂ ಏನಾದರೂ ಕೇಳಿದರೆ, ಉತ್ತರ ಗೊತ್ತಿದ್ದರೂ, ಏತಕ್ಕೆಂದು ಒಮ್ಮೆ ತಿರುಗಿ ಕೇಳಬೇಕು. ಮಕ್ಕಳಿಗೆ ಇದರಿಂದ ತಲೆನೋವು. "ಅಮ್ಮಂಗೆ ಟೈಮ್ ಕೇಳಿರೂ ಎಂತಕೆ ಅಂತದೆ," ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಹೋದ ತಿಂಗಳು ಚಿತ್ರಾ ಟಿವಿಯಲ್ಲಿ ಮಾಡಿದ್ದು ಅದೇ ಕಣಿಲೆ. ಅರ್ಧ ಗಂಟೆಯ ಕಾರ್ಯಕ್ರಮ, ಮಾತು ಕಡಿಮೆ ಮಾಡಿ ಎಂದು ಅಲ್ಲಿಯವರು ಹೇಳಿದ್ದಾರೆಂದು ಹಿಂದಿನ ದಿನ ಫೋನಿನಲ್ಲಿ ಅಂದಿದ್ದಳು. ನೆರೆಯವರೆಲ್ಲ ನಮ್ಮ ಮನೆಯಲ್ಲಿ ತುಂಬಿದ್ದರು. ಬೆಣ್ಣೆ ಕರಗಿತು. ಕಣಿಲೆ ಬಿತ್ತು. ನೀರಿನ ಮಾತೇ ಬರಲಿಲ್ಲ. ಎಷ್ಟು ಮನೆಗಳಲ್ಲಿ ನೋಡುತ್ತಿದ್ದಾರೋ, ನಾಳೆ ಎಷ್ಟು ಒಲೆಗಳ ಮೇಲೆ ಏರುತ್ತದೋ! ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ಕಾರ್ಯಕ್ರಮ ನಡೆಸುವ ಹುಡುಗಿ ನಗುತ್ತಾ ಕೇಳಿದಳು, "ಮೇಡಂ, ಇದು ಫ್ರೆಶ್ ತಾನೇ?"

ಚಿತ್ರಾ ಸೌಟು ಕೆಳಗಿಟ್ಟಳು. ಒಲೆ ಆರಿಸಿದಳು. ಮೇಜಿನ ಕೆಳಗಿನಿಂದ ನೀರು ತುಂಬಿದ ಮಡಕೆಯೊಂದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಮುಂದಿಟ್ಟಳು.

"ಎಂತಕೆ ಕೇಳಿದ್ರಿ?" ಎಂದಳು.