ಹಳ್ಳದಾಚೆಯ ಹೂರಣ

ಅರ್ಮಿದಾ ಹಳ್ಳದ ಆಚೆ ದಡದ ಹುಡುಗಿ. ಹಳ್ಳ ಅಂದರೆ ಒಂಜಿನಾ. ಬೇಸಿಗೆಯಲ್ಲಿ ಕೋಳಿ ಕೂಡ ಕಾಲು ಒದ್ದೆ ಮಾಡಿಕೊಳ್ಳದೆ ದಾಟಬಹುದು. ಈಚೆ ದಡದಿಂದ ಪಿಯಾಚೆಂಜಾ ಸೀಮೆ, ಆಚೆ ದಡದಿಂದ ಪಾರ್ಮಾ ಸೀಮೆ. ಎರಡೂ ಕಡೆ ಅದೇ ಜೇಡಿಮಣ್ಣು, ಅದೇ ಮಂಜು, ಭಾನುವಾರ ಪಾದ್ರಿ ಬೈಯುವ ಬೈಗುಳವೂ ಅದೇ. ಆದರೆ ಕ್ರಿಸ್‌ಮಸ್ ಬಂತೆಂದರೆ ಎರಡು ದಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಜಗಳವೆಲ್ಲ ಆನೊಲೀನಿಯ ಹೂರಣದ್ದು.

ಮೊಟ್ಟೆ ಹಾಕಿ ನಾದಿದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ನಡುವೆ ಹೂರಣವಿಟ್ಟು, ನಾಣ್ಯದಗಲಕ್ಕೆ ಕತ್ತರಿಸಿ, ಕೋಳಿ ಸಾರಿನಲ್ಲಿ ಬೇಯಿಸಿದರೆ ಆನೊಲೀನಿ. ಹೂರಣಕ್ಕಾಗಿ ದನದ ಮಾಂಸದ ದೊಡ್ಡ ತುಂಡೊಂದನ್ನು ಮೂರು ದಿನ ವೈನಿನಲ್ಲಿ ಬೇಯಿಸಬೇಕು. ಇಲ್ಲಿಯವರೆಗೆ ಎಲ್ಲರದೂ ಒಂದೇ ಮಾತು. ಆಮೇಲೆ ಈಚೆಯವರು ಬೆಂದ ಮಾಂಸವನ್ನೇ ಅರೆದು ತುಂಬುತ್ತಾರೆ. ಆಚೆಯವರು ಮಾಂಸವನ್ನು ಪಕ್ಕಕ್ಕಿಟ್ಟು, ಅದು ಬಿಟ್ಟ ರಸದಲ್ಲಿ ಒಣ ಬ್ರೆಡ್ಡಿನ ಪುಡಿ ನೆನೆಸಿ, ಚೀಸ್ ಕಲಸಿ ತುಂಬುತ್ತಾರೆ. ಇಷ್ಟಕ್ಕೆ ನಿಶ್ಚಯವಾದ ಮದುವೆ ಮುರಿದದ್ದುಂಟು. ನಗಬೇಡಿ.

ಅರ್ಮಿದಾಳ ಮದುವೆಯೇನೂ ಮುರಿಯಲಿಲ್ಲ. ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ಅವಳು ಹಳ್ಳ ದಾಟಿ ರೆಮೋನ ಮನೆಗೆ ಬಂದಳು. ರೆಮೋ ಹೊಳೆಯ ಜಲ್ಲಿ ಸಾಗಿಸುವ ಲಾರಿಯ ಡ್ರೈವರು. ಗಂಟಲು ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅವನು ನಕ್ಕರೆ ಬೀದಿಯ ಆ ಕೊನೆಯಲ್ಲಿ ಮಲಗಿದ ನಾಯಿ ಎದ್ದು ಕೂರುತ್ತಿತ್ತು. ಆ ನಗುವಿಗೇ ಸೋತು ತಾನು ಅವನನ್ನು ಒಪ್ಪಿದ್ದೆಂದು ಅರ್ಮಿದಾ ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಿದ್ದಳು.

ಮೊದಲ ಕ್ರಿಸ್‌ಮಸ್‌ಗೆ ಅತ್ತೆ ಕ್ಲೆಲಿಯಾ ಮಡಕೆಯನ್ನು ಅವಳ ಕೈಗೆ ಕೊಟ್ಟು, "ಈ ಸಲ ನೀನೇ ಮಾಡಮ್ಮ, ನೋಡೋಣ" ಎಂದಳು. ಆ 'ನೋಡೋಣ'ದ ಒಳಗಿದ್ದ ಮುಳ್ಳು ಇಪ್ಪತ್ತರ ಹುಡುಗಿಗೆ ಎಲ್ಲಿ ಕಾಣಬೇಕು. ತನ್ನ ತಾಯಿ ಕಲಿಸಿದಂತೆ ಮಾಡಿದಳು. ಊಟಕ್ಕೆ ಕೂತಾಗ ಕ್ಲೆಲಿಯಾ ಒಂದನ್ನು ಚಮಚದಲ್ಲಿ ಸೀಳಿ, ಬೆಳಕಿಗೆ ಹಿಡಿದು ನೋಡಿದಳು.

"ಒಳಗಡೆ ಯಾರೂ ಕಾಣಿಸ್ತಿಲ್ವಲ್ಲ. ಮನೆಯವರೆಲ್ಲ ಎಲ್ಲಿಗೋ ಹೋಗಿರ್ಬೇಕು."

ಮೇಜಿನ ಸುತ್ತ ಇದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರೆಮೋ. ನಕ್ಕು ಸುಮ್ಮನಾಗಿದ್ದರೂ ಆಗುತ್ತಿತ್ತು. ತನ್ನ ತಟ್ಟೆಯ ಒಂದು ಆನೊಲೀನಿಯನ್ನು ಚಮಚದಿಂದ ತಟ್ಟಿ, "ಯಾರಾದ್ರೂ ಇದ್ದೀರಾ?" ಎಂದು ಕೂಗಿ ಮತ್ತೊಮ್ಮೆ ನಕ್ಕ. ಅರ್ಮಿದಾ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮರುವರ್ಷದಿಂದ ಮಾಂಸ ಅರೆದೇ ತುಂಬಿದಳು. ಎರಡೇ ವರ್ಷದಲ್ಲಿ ಅತ್ತೆಗಿಂತ ಚೆನ್ನಾಗಿ ಕಲಿತಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಗಾದೆ ಸುಳ್ಳಾಯಿತು. ಕ್ಲೆಲಿಯಾ ತೀರಿಕೊಂಡ ಮೇಲೂ ಬಂದವರೆಲ್ಲ ಬಾಯಿ ಚಪ್ಪರಿಸಿ, "ಆಹಾ, ಥೇಟ್ ಕ್ಲೆಲಿಯಾನ ಕೈ" ಅನ್ನುತ್ತಿದ್ದರು. ಮೂರು ದಿನ ಒಲೆಯ ಮುಂದೆ ಬೆಂದವಳು ಸಾರು ಬಡಿಸುತ್ತ ಅಲ್ಲೇ ನಿಂತಿರುತ್ತಿದ್ದಳು.

ಆದರೆ ಒಂದು ಕೆಲಸ ಅವಳು ಬಿಡಲಿಲ್ಲ. ಮಾಂಸ ಅರೆಯುವ ಮುಂಚೆ ಒಂದು ಹಿಡಿ ಬ್ರೆಡ್ಡಿನ ಪುಡಿಯನ್ನು ರಸದಲ್ಲಿ ನೆನೆಸಿ, ತನಗೆಂದು ಒಂದು ಬಟ್ಟಲಿನಷ್ಟು ಆನೊಲೀನಿ ಬೇರೆ ಮಾಡಿಕೊಳ್ಳುತ್ತಿದ್ದಳು. ಹಬ್ಬದ ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ಅದನ್ನು ಬಿಸಿ ಮಾಡಿ, ಒಲೆಯ ಪಕ್ಕ ನಿಂತುಕೊಂಡೇ ತಿನ್ನುತ್ತಿದ್ದಳು. ಇದು ಗೊತ್ತಿದ್ದದ್ದು ಮಗಳು ಲೊರೆತ್ತಾ ಒಬ್ಬಳಿಗೇ ಎಂದು ಅವಳ ನಂಬಿಕೆ.

ಹಾಗೆಂದು ರೆಮೋ ಕೆಟ್ಟ ಗಂಡನೇನಲ್ಲ. ದುಡಿದದ್ದನ್ನು ಮನೆಗೆ ತಂದ. ಹೆರಿಗೆಯಲ್ಲಿ ಅವಳ ಜೀವ ಹೋಗಿ ಬಂದಾಗ ಆಸ್ಪತ್ರೆಯ ನೆಲದ ಮೇಲೆ ಮಲಗಿ ಕಾದ. ಹೂರಣದ ವಿಷಯವೊಂದನ್ನು ಬಿಟ್ಟು ಅವರಿಬ್ಬರೂ ಎಲ್ಲವನ್ನೂ ಮಾತಾಡಿದರು. ಅದೊಂದನ್ನು ಮಾತ್ರ ಮೂವತ್ತು ವರ್ಷ ಎತ್ತಲಿಲ್ಲ.

ಮೂವತ್ತನೆಯ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ರೆಮೋನ ಗಂಟಲು ಕಟ್ಟಿತು. ಶೀತ ಅಂದುಕೊಂಡರು. ಶೀತವಾಗಿರಲಿಲ್ಲ. ನಗರದ ಆಸ್ಪತ್ರೆಯವರು ಕತ್ತರಿಸಿ ನೋಡಿ, ಮತ್ತೆ ಹೊಲಿದು ಮನೆಗೆ ಕಳಿಸಿದರು. ನುಣ್ಣಗಿನದು, ತೆಳ್ಳಗಿನದು ಮಾತ್ರ ಕೊಡಿ, ಅದೂ ಇಳಿಯುವಷ್ಟು ದಿನ ಎಂದರು. ದನಿ ಮೊದಲು ಹೋಯಿತು, ನಗು ಅದರ ಹಿಂದೆಯೇ ಹೋಯಿತು. ಬೆಚ್ಚಗಿರಲಿ ಎಂದು ಅವನ ಮಂಚವನ್ನು ಅಡುಗೆಮನೆಗೇ ತಂದು ಹಾಕಿದರು.

ಹಬ್ಬ ಹತ್ತಿರ ಬಂದಾಗ ಅವನು ಪಿಸುಗುಟ್ಟಿದ: "ಆನೊಲೀನಿ ಇಲ್ದೆ ಅದ್ಯಾವ ಸೀಮೆ ಹಬ್ಬ."

ಲೊರೆತ್ತಾ ತಾಯಿಯನ್ನು ಬಾಗಿಲಾಚೆಗೆ ಕರೆದಳು. "ಅಮ್ಮ, ಮಾಂಸ ಇಳಿಯಲ್ಲ ಅಪ್ಪಂಗೆ. ಡಾಕ್ಟ್ರು ಹೇಳಿದ್ದು ಮರ್ತ್ಯಾ? ಮಿಕ್ಸಿಗೆ ಹಾಕಿ ಗಂಜಿ ಥರ ಮಾಡಿ ಕೊಟ್ಬಿಡೋಣ."

"ಹಬ್ಬದ ದಿನ ಗಂಡನಿಗೆ ಗಂಜಿ ಕುಡಿಸಲ್ಲ ನಾನು."

"ಮತ್ತೇನ್ ಮಾಡ್ತೀಯಾ?"

"ಮಾಡ್ತೀನಿ. ನೀನು ಹಿಟ್ಟು ನಾದು."

ಭುಜದ ಮಾಂಸ ತಂದಳು. ಚಾಕುವಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ ಬೆಳ್ಳುಳ್ಳಿ, ಲವಂಗ ಸಿಕ್ಕಿಸಿದಳು. ಬೆಣ್ಣೆಯಲ್ಲಿ ಈರುಳ್ಳಿ, ಕ್ಯಾರೆಟ್ಟು, ಸೆಲರಿ ಬಾಡಿಸಿ, ಮಾಂಸವನ್ನು ಎಲ್ಲ ಮಗ್ಗುಲಿಗೂ ಕೆಂಪಗಾಗುವಂತೆ ಹೊರಳಿಸಿ, ಸಾರು ಸುರಿದು ಮಣ್ಣಿನ ಮಡಕೆಯನ್ನು ಒಲೆಯ ಅಂಚಿಗೆ ಸರಿಸಿದಳು. ಮಡಕೆಯ ಬಾಯಿಗೆ ಮುಚ್ಚಳವಲ್ಲ, ಆಳದ ತಟ್ಟೆ. ತಟ್ಟೆಯ ತುಂಬ ಕೆಂಪು ವೈನು. ಒಳಗಿನ ಹಬೆ ತಟ್ಟೆಯ ತಳಕ್ಕೆ ತಾಗಿ ಹನಿ ಹನಿಯಾಗಿ ಮತ್ತೆ ಮಾಂಸದ ಮೇಲೇ ಬೀಳಬೇಕು. ವೈನು ಕಾದ ಮೇಲೆ ಅದನ್ನು ಮಡಕೆಗೆ ಸುರಿದು, ತಟ್ಟೆಗೆ ಹೊಸದನ್ನು ತುಂಬಬೇಕು. ಅವಸರಪಟ್ಟರೆ ಮಾಂಸ ಬಿಗಿದುಕೊಂಡು ರಸ ಬಿಡುವುದಿಲ್ಲ. ಮೂರು ದಿನವೂ ರೆಮೋ ಮಂಚದಿಂದ ಮಡಕೆಯನ್ನೇ ನೋಡುತ್ತಿದ್ದ.

ಹೂರಣದ ಹೊತ್ತಿಗೆ ಅವಳು ಮಾಡಿದ ತಪ್ಪು ಅವಳ ಕೈಯ ತಪ್ಪು, ಮೂವತ್ತು ವರ್ಷದ ರೂಢಿಯ ತಪ್ಪು. ಅವನಿಗೆಂದು ಒಂದೇ ಹಿಡಿ ಬ್ರೆಡ್ಡಿನ ಪುಡಿ ನೆನೆಸಿದಳು. ಉಳಿದ ರಸವೆಲ್ಲ ಅರೆದ ಮಾಂಸದ ಜೊತೆ ಮಗಳು, ಅಳಿಯನ ಆನೊಲೀನಿಗೆ ಹೋಯಿತು. ಪಾಪ, ಅವನು ಎರಡು ಚಮಚ ತಿಂದರೆ ಹೆಚ್ಚು ಎಂದುಕೊಂಡಿದ್ದಳು. ಹೂರಣ ನೋಡಿ ಮುಖ ಕಿವುಚುತ್ತಾನೆ ಅನ್ನುವ ಹೆದರಿಕೆಯೂ ಇತ್ತು. ಸಾಯುತ್ತಿರುವ ಗಂಡನ ಮುಂದೆಯೂ ಅವಳಿಗೆ ಆ ಹೆದರಿಕೆ ಇತ್ತು.

ಮಧ್ಯಾಹ್ನ ಅವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮೆತ್ತಗೆ ಬೇಯಿಸಿದ ಒಂದನ್ನು ಚಮಚದಲ್ಲಿ ಬಾಯಿಗಿಟ್ಟಳು. ಅವನು ನಾಲಿಗೆಯಿಂದಲೇ ಅದನ್ನು ಒತ್ತಿದ. ಕಣ್ಣು ಮುಚ್ಚಿದ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಬಾಯಿ ತೆರೆದ. ಮತ್ತೊಂದು ಹೋಯಿತು, ಆಮೇಲೆ ಇನ್ನೊಂದು. ಬಟ್ಟಲಿನ ತಳ ಕಂಡಾಗ ಮಾತಾಡಿದ.

"ಅಂತೂ ಕೊಟ್ಟೆ."

"ಏನು?"

"ವರ್ಷಾ ವರ್ಷಾ ಒಲೆ ಪಕ್ಕ ನಿಂತ್ಕೊಂಡು ಒಬ್ಳೇ ತಿಂತಿದ್ಯಲ್ಲ. ಅಂಗಳದ ಕಿಟಕಿಯಿಂದ ನೋಡ್ತಿದ್ದೆ." ಉಸಿರು ಎಳೆದುಕೊಂಡ. "ಈ ವರ್ಷ ಕೊಡ್ತಾಳೆ, ಬರೋ ವರ್ಷ ಕೊಡ್ತಾಳೆ ಅಂತ ಕಾಯ್ತಿದ್ದೆ."

ಅರ್ಮಿದಾ ಚಮಚವನ್ನು ಖಾಲಿ ಬಟ್ಟಲಿಗಿಟ್ಟಳು. "ಒಂದು ಮಾತು ಕೇಳ್ಬಾರ್ದಿತ್ತಾ ರೆಮೋ? ಒಂದೇ ಒಂದು ಮಾತು."

"ನಕ್ಕಿದ್ದು ನಾನಲ್ವಾ. ಯಾವ ಮುಖ ಇಟ್ಕೊಂಡು ಕೇಳ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತು ಎಷ್ಟು ದೊಡ್ಡ ಮನೆಹಾಳು ಎಂದು ಯಾರೂ ಗಾದೆ ಕಟ್ಟಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ಬೈಯಬೇಕು ಅನಿಸುತ್ತದೆ. ಬೈದು ಪ್ರಯೋಜನವಿಲ್ಲದ ಹೊತ್ತಿನಲ್ಲಿ ಮಾತು ಹೊರಗೆ ಬಂದಿತ್ತು.

"ಇನ್ನೂ ಇದ್ಯಾ?" ಎಂದ ರೆಮೋ.

ಇರಲಿಲ್ಲ. ಅವಳು ಮಡಕೆ ಕೆರೆದು ನೋಡಿದಳು. ರಸದ ಒಂದು ಹನಿ ಉಳಿದಿರಲಿಲ್ಲ. "ಮತ್ತೆ ಮಾಡ್ತೀನಿ. ಮೂರು ದಿನ ಆಗತ್ತೆ," ಎಂದಳು.

"ಮಾಡು. ಕಾದು ಅಭ್ಯಾಸ ಇದೆ ನಂಗೆ."

ಅವಳು ಏಪ್ರನ್ ಕೂಡ ಬಿಚ್ಚದೆ ಮಂಜಿನಲ್ಲಿ ಹೊರಟಳು. ಮಾಂಸದಂಗಡಿಯ ಫಾವುಸ್ತೊ ಅಂಗಡಿಯ ಮೇಲಿನ ಮನೆಯಲ್ಲೇ ಇರುವವನು. ಕೊರಳಿಗೆ ಕಟ್ಟಿದ ಕರವಸ್ತ್ರದಲ್ಲೇ ಊಟದಿಂದ ಎದ್ದು ಬಂದು ಬಾಗಿಲು ತೆರೆದ.

"ಹಬ್ಬದ ದಿನ ಅಂಗಡಿ ತೆಗೆಸ್ತಿದ್ದೀಯಲ್ಲ ಅರ್ಮಿದಕ್ಕ. ಪಾದ್ರಿ ನೋಡಿದ್ರೆ ನಮ್ಮಿಬ್ರನ್ನೂ ಒಂದೇ ಮಡಕೇಲಿ ಬೇಯಿಸ್ತಾರೆ."

"ಭುಜದ ತುಂಡು ಬೇಕು ಫಾವುಸ್ತೊ. ರೆಮೋಗೆ."

ಅವನ ಮುಖದ ತಮಾಷೆ ಇಳಿಯಿತು. ಅಂಗಡಿ ತೆಗೆದು ಒಳಗೆ ಹುಡುಕಿ, ಒಂದು ತುಂಡು ತಂದು ಹಲಗೆಯ ಮೇಲಿಟ್ಟ. "ಒಳ್ಳೇದೆಲ್ಲ ಖಾಲಿ ಅಕ್ಕ. ಇದು ಮುದಿ ಹಸುದು. ರುಚಿ ಇರತ್ತೆ, ಆದ್ರೆ ಸುಲಭಕ್ಕೆ ಬೇಯಲ್ಲ. ಅಂಗಡಿ ತೆರೆಯೋತನಕ ಕಾದ್ರೆ ಎಳೇದು ತರಿಸ್ಕೊಡ್ತೀನಿ."

"ಕಾಯೋಕಾಗಲ್ಲ. ಇದನ್ನೇ ಕೊಡು."

ಸಂಜೆಯೊಳಗೆ ಮಡಕೆ ಮತ್ತೆ ಒಲೆಯ ಮೇಲಿತ್ತು. ಮರುದಿನ ರೆಮೋ ನಾಲ್ಕು ಚಮಚ ಸಾರು ಕುಡಿದ. ಅದರ ಮರುದಿನ ನೀರು ಇಳಿಯುವುದೂ ಕಷ್ಟವಾಯಿತು. ಅರ್ಮಿದಾ ಫೋರ್ಕಿನಿಂದ ಮಾಂಸ ಚುಚ್ಚಿ ನೋಡಿದಳು. ತುದಿ ಕೂಡ ಒಳಗೆ ಹೋಗಲಿಲ್ಲ. ತನ್ನ ಬದುಕಿನಲ್ಲೇ ಮಾಡದ ಕೆಲಸ ಮಾಡಿದಳು: ಮಡಕೆಯನ್ನು ಬೆಂಕಿಯ ನಡುವಿಗೆ ಎಳೆದಳು. ಅದು ಕೊತಕೊತ ಕುದಿಯುವ ಸದ್ದು ಕೇಳಿದೊಡನೆ ಹೆದರಿ ಮತ್ತೆ ಅಂಚಿಗೆ ಸರಿಸಿದಳು. ಸರಿಸಿ, ಮಡಕೆಯ ಮೇಲೆ ಬಗ್ಗಿ, "ಬೇಗ ಬೇಯೇ ಮುದಿ ಗೊಡ್ಡೇ. ಒಂದು ದಿನ ಮುಂಚೆ ಬೆಂದ್ರೆ ನಿನ್ನ ಗಂಟೇನು ಹೋಗತ್ತೆ," ಎಂದು ಹಲ್ಲು ಕಚ್ಚಿ ಬೈದಳು. ಬಾಗಿಲಲ್ಲಿ ನಿಂತಿದ್ದ ಲೊರೆತ್ತಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು.

"ಅಮ್ಮ, ಆಗಿರೋ ಅಷ್ಟು ರಸಾನೇ ಕೊಟ್ಬಿಡು. ಅಪ್ಪಂಗೇನ್ ಗೊತ್ತಾಗತ್ತೆ."

"ಗೊತ್ತಾಗತ್ತೆ ಅವನಿಗೆ. ಮೂವತ್ತು ವರ್ಷದಿಂದ ಗೊತ್ತಿತ್ತಲ್ಲ."

ಹಾಗೆ ಅಂದರೂ ಕತ್ತಲಾಗುವ ಮುಂಚೆ ಒಂದು ಚಮಚ ರಸ ಆರಿಸಿ ಅವನ ತುಟಿಗೆ ಹಿಡಿದಳು. ಅವನು ಪ್ರಯತ್ನಪಟ್ಟ. ರಸ ಒಳಗೆ ಇಳಿಯದೆ ತುಟಿಯ ಅಂಚಿನಿಂದ ಗದ್ದಕ್ಕೆ ಬಂತು. ಅವಳು ಅಂಗೈಯಿಂದಲೇ ಒರೆಸಿದಳು. ಅವನು ಅವಳ ಕೈ ಹಿಡಿದುಕೊಂಡು, ತುಟಿಯಲ್ಲಿ ಮಾತ್ರ, "ನಾಳೆ" ಎಂದ. ಅವಳೂ "ನಾಳೆ" ಎಂದಳು.

ರೆಮೋ ಬೆಳಗಿನ ಚರ್ಚಿನ ಗಂಟೆಯ ಹೊತ್ತಿಗೆ ಹೋದ. ಅರ್ಮಿದಾ ಒಲೆಗೆ ಸೌದೆ ಒಟ್ಟಿ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲೊರೆತ್ತಾ ಕಿಟಕಿ ತೆರೆದಳು. ಪಕ್ಕದ ಮನೆಯ ಪಿಯೆರಿನಾ ಓಡಿ ಬಂದು, ಅವನ ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿದಳು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದೆಲ್ಲ ಅವಳಿಗೆ ಗೊತ್ತು. ಪಾದ್ರಿಗೆ ಹೇಳಿಕಳಿಸಿದಳು, ಒಳ್ಳೆ ಅಂಗಿ ಎಲ್ಲಿದೆ ಎಂದು ಕೇಳಿದಳು, ಕುರ್ಚಿಗಳನ್ನು ಗೋಡೆಗೆ ಸರಿಸಿದಳು. ಅರ್ಮಿದಾ ಮಂಚದ ಅಂಚಿನಲ್ಲಿ ಕೂತು ಅವನ ಕೈ ಉಜ್ಜುತ್ತಲೇ ಇದ್ದಳು.

ಜನ ಬರುವುದು ಶುರುವಾಗುತ್ತದೆ, ಒಲೆಯ ಮೇಲೆ ಅಡುಗೆ ಇಟ್ಟುಕೊಂಡಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಪಿಯೆರಿನಾ ಬಟ್ಟೆ ಹಿಡಿದು ಮಡಕೆಗೆ ಕೈ ಹಾಕಿದಳು.

"ಇಳಿಸ್ಬೇಡ ಪಿಯೆರಿನಾ," ಎಂದಳು ಅರ್ಮಿದಾ.

"ಇನ್ಯಾರಿಗೆ ಅರ್ಮಿದಕ್ಕ?"

ಅರ್ಮಿದಾ ಎದ್ದು ಬಂದಳು. ತಟ್ಟೆಯ ವೈನು ಕಾದಿತ್ತು. ಅದನ್ನು ಮಡಕೆಗೆ ಸುರಿದು, ತಟ್ಟೆಯನ್ನು ಮತ್ತೆ ಮಡಕೆಯ ಬಾಯಿಗಿಟ್ಟು, ಬಾಟಲಿಯಿಂದ ಹೊಸದನ್ನು ಅಂಚಿನವರೆಗೂ ತುಂಬಿದಳು.

"ಇನ್ನೂ ಬೆಂದಿಲ್ಲ," ಎಂದಳು.