ಸುಣ್ಣವಲ್ಲ, ಸಫೇದ

ಈ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರೊಳಗಿನ ಜಾಣ ಮಾತನ್ನು ನಾನೇ ಆಡಿರುತ್ತೇನೆ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತ, ಅರ್ಧಕ್ಕೇ ನನ್ನನ್ನು ತಡೆದು, “ಅದು ನೀವು ಹೇಳಿದ್ದಲ್ರಿ ಸಾರ್, ಬಣ್ಣ ಹಚ್ಚೋ ಮೌಲಾಸಾಬ್ರು ಹೇಳಿದ್ದು” ಎಂದುಬಿಟ್ಟ. ಪವಾಡಗಳನ್ನು ನಂಬದಿರುವುದನ್ನು ಮದರಾಸಿನ ಕಾಲೇಜು ನನಗೆ ಚೆನ್ನಾಗಿಯೇ ಕಲಿಸಿತ್ತು. ನನ್ನನ್ನೇ ನಂಬದೆ ಬದುಕುವುದು ಹೇಗೆಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆಗ ನಾನು ಬಳ್ಳಾರಿಯ ಒಂದು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ದೊಡ್ಡ ಮಾತು. ಮದರಾಸಿನಿಂದ ರೈಲಿನಲ್ಲಿ ಬರುತ್ತಿದ್ದ ಗಾಜಿನ ಸಾಮಾನು ಪೆಟ್ಟಿಗೆ ತೆರೆಯುವ ಹೊತ್ತಿಗೆ ಪುಡಿಯಾಗಿರುತ್ತಿತ್ತು. ಉಳಿದದ್ದು ಒಂದು ಪುಸ್ತಕ. ಅದನ್ನು ಹುಡುಗರು ಅಮರಕೋಶದ ಹಾಗೆ ಬಾಯಿಪಾಠ ಮಾಡಿ ರಾಗವಾಗಿ ಒಪ್ಪಿಸುತ್ತಿದ್ದರು. “ಗಂಧಕದ ಬಣ್ಣವೇನು?” ಎಂದರೆ “ಹಳದಿ” ಎಂದು ಕೂಗುವರು. ಗಂಧಕದ ತುಂಡನ್ನೇ ಕೈಗೆ ಕೊಟ್ಟು “ಇದೇನು?” ಎಂದರೆ “ಬೆಲ್ಲೇನ್ರಿ ಸಾರ್?” ಎನ್ನುವರು. ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಕಣ್ಣಿನಿಂದ ನೋಡಿ, ನೋಡಿ ಹೇಳಿ ಎಂದು ದಿನವೂ ಅರಚುತ್ತಿದ್ದೆ. ಈ ಅರಚಾಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಕಳೆಯಲು ಬೇಕಾಗುತ್ತದೆ.

ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ಬಂಡೆಗಳ ಒಂದು ಗುಡ್ಡವಿದೆ. ಅದರ ಗವಿಯಲ್ಲಿ ಒಬ್ಬರು ಪರದೇಶಿ ಪಾದ್ರಿಗಳು ಮೇರಿ ತಾಯಿಯ ಮೂರ್ತಿಯನ್ನು ಇರಿಸಿದ್ದರು. ಫ್ರಾನ್ಸಿನ ಯಾವುದೋ ಗವಿಯಲ್ಲಿ ತಾಯಿ ಒಬ್ಬ ಹುಡುಗಿಗೆ ಕಾಣಿಸಿಕೊಂಡಳಂತೆ. ಅಂದಿನಿಂದ ಗವಿ ಕಂಡಲ್ಲೆಲ್ಲ ಅಂಥದೇ ಮೂರ್ತಿ ನಿಲ್ಲಿಸುವುದು ಅವರಲ್ಲಿ ಹೊಸ ಪದ್ಧತಿ. ಬಿಳಿ ಉಡುಪು, ನೀಲಿ ನಡುಪಟ್ಟಿ, ಮೇಲಕ್ಕೆತ್ತಿದ ಕಣ್ಣು. ಕಲೆಯ ಬಗ್ಗೆ ನನಗೂ ಅಭಿಪ್ರಾಯವಿತ್ತು. ಒಂದೇ ಅಚ್ಚಿನಲ್ಲಿ ಸಾವಿರ ತಾಯಂದಿರನ್ನು ಎರಕ ಹೊಯ್ದು ಹಡಗಿಗೆ ಹೇರುವುದು ಕಲೆಯೇ ಎಂದು ಮೂಗು ಮುರಿದಿದ್ದೆ. ಆದರೆ ಹಡಗು, ರೈಲು, ಎತ್ತಿನ ಬಂಡಿ ಎಲ್ಲ ದಾಟುವಷ್ಟರಲ್ಲಿ ಈ ತಾಯಿಯ ಮುಖದ ಬಣ್ಣ ಕಿತ್ತುಹೋಗಿತ್ತು. ಅದನ್ನು ಮತ್ತೆ ಬರೆದವನು ಸಿರುಗುಪ್ಪದ ಮೌಲಾಸಾಬ. ಬಂಡಿಗಳಿಗೆ ಬಣ್ಣ ಹಚ್ಚುವುದು, ಮೊಹರಮ್ಮಿಗೆ ಡೋಲಿ ಸಿಂಗರಿಸುವುದು ಅವನ ಕಸುಬು. ಅವನ ಕೈಯಲ್ಲಿ ತಾಯಿಯ ಮುಖ ತುಸು ದುಂಡಗಾಯಿತು. ಆಕೆ ಆಕಾಶ ನೋಡುವುದನ್ನು ಬಿಟ್ಟು ಬಂದವರನ್ನು ನೋಡತೊಡಗಿದಳು. ಸಾವಿರದಲ್ಲಿ ಒಬ್ಬಳು ಬೇರೆಯಾದಳು. ಇದು ನನಗೆ ಈಗ ಹೊಳೆಯುವ ಮಾತು. ಆಗ ಹೊಳೆದಿತ್ತೆಂದು ಹೇಳಲು ಧೈರ್ಯವಿಲ್ಲ.

ಮೊದಲ ಹಬ್ಬಕ್ಕೆ ಸುತ್ತಲ ಹಳ್ಳಿಗಳಿಂದ ಎಲ್ಲ ಜಾತಿಯವರೂ ಬಂದರು. ನಮ್ಮ ಜನಕ್ಕೆ ಯಾವ ದೇವರಾದರೇನು, ಎದುರಿಗೆ ಮದ್ದು ಸುಡದಿದ್ದರೆ ಹಬ್ಬವಲ್ಲ. ಕಬ್ಬಿಣದ ಕೊಳವೆಗಳಲ್ಲಿ ಸಿಡಿಮದ್ದು ಜಡಿದು, ತಾಯಿಗೆ ಕೇಳಿಸಲೆಂದು ಗವಿಯ ಬಾಯಲ್ಲೇ ಢಮ್ಮೆನಿಸಿದರು. ಮೂರು ದಿನ ಹೊಗೆ ಗವಿಯೊಳಗೇ ಸುತ್ತಿತು. ಅದಾದ ಮೇಲೆ ನೋಡಿದರೆ ತಾಯಿಯ ಮುಖ ಕಪ್ಪಾಗಿತ್ತು. ಒರೆಸಿದರೂ ಹೋಗಲಿಲ್ಲ.

ಹೆಂಗಸರು, “ತಾಯಿ ಮಾರಿ ನೋಡ್ರೆವ್ವ, ನಮ್ಮ ಬಣ್ಣಕ್ಕ ಬಂದಾಳ” ಎಂದು ಕೈಮುಗಿದರು. ಪಾದ್ರಿಗಳು ಗಾಬರಿಯಾಗಿ ನನಗೆ ಹೇಳಿಕಳಿಸಿದರು. ನಾನು ಹೋಗಿ, ಎರಡು ನಿಮಿಷ ನೋಡಿ, ಕಿಕ್ಕಿರಿದ ಜನರೆದುರಿಗೇ ತೀರ್ಪು ಕೊಟ್ಟೆ: ಪವಾಡವೂ ಇಲ್ಲ, ಏನೂ ಇಲ್ಲ, ಬಣ್ಣದವನು ಸಫೇದವೆಂಬ ಸೀಸದ ಬಿಳಿ ಬಣ್ಣದ ಬದಲು ಸುಣ್ಣ ಬಳಿದು ಮೋಸ ಮಾಡಿದ್ದಾನೆ. ಪವಾಡವನ್ನು ಕೊಲ್ಲುವ ಅವಸರದಲ್ಲಿ ಒಬ್ಬ ಮನುಷ್ಯನನ್ನು ತುಳಿದಿದ್ದೆ. ವಾರದೊಳಗೆ ಅವನ ಹೆಸರು ‘ಸುಣ್ಣದ ಸಾಬ’ ಎಂದಾಯಿತು. ಬಂಡಿಯವರು ಅವನನ್ನು ಕರೆಯುವುದನ್ನೇ ಬಿಟ್ಟರು.

ಅವನು ನಡೆದುಕೊಂಡೇ ಬಳ್ಳಾರಿಗೆ ಬಂದ. ನಾನು ಆ ಹೊತ್ತಿಗೆ, ಪುಡಿಯಾಗದೆ ಉಳಿದಿದ್ದ ಒಂದು ಗಾಜಿನ ಬುಡ್ಡಿಯಲ್ಲಿ, ಕೊಳೆತ ಮೊಟ್ಟೆಯ ನಾತದ ಗಂಧಕದ ಅನಿಲವನ್ನು ತಯಾರಿಸುತ್ತಿದ್ದೆ. ಹುಡುಗರು ಮೂಗು ಹಿಡಿದು ಒಬ್ಬರನ್ನೊಬ್ಬರು ದೂರುತ್ತಿದ್ದರು. ಬಾಗಿಲಲ್ಲಿ ನಿಂತ ಮೌಲಾಸಾಬ ಮೂಗು ಹಿಡಿಯಲಿಲ್ಲ, ಅರಳಿಸಿದ.

“ಇದು ಹಬ್ಬದಾಗ ಗವಿಯೊಳಗ ಬಂದಿದ್ದ ನಾತನs ಐತ್ರಿ ಮೇಷ್ಟ್ರೆ.”

ನಾನು ಸೀಸದ ಬಿಳಿ ಹಚ್ಚಿದ ಕಾಗದವನ್ನು ಅನಿಲಕ್ಕೆ ಹಿಡಿದೆ. ಪಾಠದಲ್ಲಿರುವಂತೆ ಅದು ಕಪ್ಪಾಯಿತು. ಆಗ ಒಬ್ಬರು ಹೇಳಿದರು, “ಹಂಗಾರ ಸುಣ್ಣ ಹಿಡೀರಿ, ನೋಡೂಣು.” ಆ ಒಬ್ಬರು ನಾನೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಆದರೆ ಆ ಮಾತಿನ ಧಾಟಿ ನೋಡಿ. ನಾನು ತರಗತಿಯಲ್ಲಿ ಹಾಗೆ ಮಾತಾಡುವವನಲ್ಲ.

ಸೀಮೆಸುಣ್ಣ ಹಿಡಿದೆ. ಬಿಳಿಯಾಗಿಯೇ ಉಳಿಯಿತು. ಎಷ್ಟು ಹೊತ್ತು ಹಿಡಿದರೂ ಬಿಳಿಯೇ. ಮದ್ದಿನಲ್ಲಿ ಗಂಧಕವಿದೆ, ಸಫೇದದಲ್ಲಿ ಸೀಸವಿದೆ, ಎರಡೂ ಸೇರಿದರೆ ಕಪ್ಪು ಎಂದು ಆ ವಾರವೆಲ್ಲ ಬೋರ್ಡಿನ ಮೇಲೆ ಬರೆದವನು ನಾನೇ. ಅವನು ಸುಣ್ಣದಿಂದ ಮೋಸ ಮಾಡಿದ್ದರೆ ತಾಯಿ ಬೆಳ್ಳಗೇ ಇರುತ್ತಿದ್ದಳು. ಸಾಚಾ ಬಣ್ಣ ಹಚ್ಚಿದ್ದಕ್ಕೇ ಕಪ್ಪಾಗಿದ್ದಳು.

“ನಾಕು ಮಂದ್ಯಾಗ ಬೈದೀರಿ. ನಾಕು ಮಂದ್ಯಾಗs ಬಂದು ಹೇಳ್ರಿ” ಎಂದ ಮೌಲಾಸಾಬ.

ಮುಂದಿನ ಭಾನುವಾರ ಇದ್ದಿಲು, ದೀಪ, ಊದುಕೊಳವೆ ಹಿಡಿದು, ತರಗತಿಯ ಹುಡುಗರನ್ನೂ ಕರೆದುಕೊಂಡು ಗವಿಗೆ ಹೋದೆ. ಮೂರ್ತಿಯ ಕಿವಿಯ ಹಿಂದಿನಿಂದ ಬಣ್ಣದ ಚಕ್ಕೆಯೊಂದನ್ನು ಕೆರೆದು ಇದ್ದಿಲಿನ ಮೇಲಿಟ್ಟು, ಕೆನ್ನೆ ನೋಯುವ ತನಕ ಊದಿದೆ. ನವಣೆ ಕಾಳಿನಷ್ಟು ಸೀಸದ ಗುಂಡು ಮಿನುಗಿತು. ಪಾದ್ರಿಗಳು ಅದನ್ನು ಅಂಗೈಯಲ್ಲಿಟ್ಟು, ಸುಣ್ಣವಲ್ಲ, ಸಫೇದವೇ ಎಂದು ಎಲ್ಲರಿಗೂ ತೋರಿಸಿದರು. ಮುಖಕ್ಕೆ ಮತ್ತೆ ಬಿಳಿ ಹಚ್ಚು ಎಂದು ಮೌಲಾಸಾಬನಿಗೆ ಹೇಳಿದರೆ ಹೆಂಗಸರು ಅಡ್ಡ ನಿಂತರು: “ಮುಟ್ಟಿದ್ರ ಕೈ ಮುರೀತೀವಿ ಸಾಬಣ್ಣ!” ತಾಯಿ ಕಪ್ಪಾಗಿಯೇ ಉಳಿದಳು. ಪವಾಡವೂ ಉಳಿಯಿತು, ನನ್ನ ರಸಾಯನಶಾಸ್ತ್ರವೂ ಉಳಿಯಿತು. ಒಂದರಿಂದ ಇನ್ನೊಂದಕ್ಕೆ ಏನೂ ತೊಂದರೆಯಾಗಲಿಲ್ಲ.

ಅಂದು ನಾನು ‘ತಪ್ಪು ನನ್ನದು’ ಎಂದು ಬಾಯಿಬಿಟ್ಟು ಹೇಳಿದೆನೇ? ಹೇಳಿದೆನೆಂದೇ ನನ್ನ ನೆನಪು. “ಇಲ್ರಿ ಸಾರ್, ಪ್ರಯೋಗ ಸಫಲ ಆತು ಅಂದ್ರಿ, ಅಷ್ಟs” ಎನ್ನುತ್ತಾನೆ ಗುಮಾಸ್ತ.

ತಡೆಯಲಾರದೆ, ಯಾರ ನೆನಪು ಸರಿಯೆಂದು ಮೌಲಾಸಾಬನನ್ನೇ ಕೇಳಲು ಹೋದ ತಿಂಗಳು ಸಿರುಗುಪ್ಪಕ್ಕೇ ಹೋದೆ. ನೋಡಿ ಹೇಳಬೇಕಲ್ಲ! ಬಂಡಿ ನಿಲ್ಲುವ ಕಡೆ, ಸಂತೆಯಲ್ಲಿ, ಬಾವಿಯ ಹತ್ತಿರ, ಮೂರು ಕಡೆ ನಾಚಿಕೆ ಬಿಟ್ಟು ಕೇಳಿದೆ: “ಸುಣ್ಣದ ಸಾಬನ ಮನೆ ಎಲ್ಲಿ?” ಇಬ್ಬರು ತಲೆಯಾಡಿಸಿದರು. ಮೂರನೆಯ ಮುದುಕಿ ಕೊಡ ಇಳಿಸಿ ನನ್ನನ್ನು ಮೇಲೆ ಕೆಳಗೆ ನೋಡಿದಳು.

“ಅಂಥಾ ಹೆಸರಿನವ್ರು ನಮ್ಮೂರಾಗ ಯಾರೂ ಇಲ್ಲಪ್ಪ. ತಾಯಿ ಮಾರಿ ಬರೆದ ಮೌಲಾಸಾಬ ಅದಾನ, ಅವನ ಮನಿ ಬೇಕೇನು?”